ಬೆನ್ನು ಹತ್ತಿದವನು

ನಮ್ಮ ಕಡೆಯ ಊರುಗಳಲ್ಲಿ ಮನುಷ್ಯನಿಗೆ ಎರಡು ಹೆಸರು. ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಉಸುರಿದ್ದು ಒಂದು. ಊರು ತನಗೆ ತೋಚಿದ ದಿನ ಇಟ್ಟದ್ದು ಇನ್ನೊಂದು. ಮೊದಲನೆಯದು ಲಗ್ನಪತ್ರಿಕೆಗೆ ಮತ್ತು ರೇಷನ್ ಕಾರ್ಡಿಗೆ. ಎರಡನೆಯದು ಉಳಿದೆಲ್ಲಕ್ಕೂ. ನಮ್ಮೂರಿನಲ್ಲಿ ಒಬ್ಬ ಮೇಷ್ಟರಿದ್ದರು. ಎಂಟು ವರ್ಷದ ಹುಡುಗನಾಗಿದ್ದಾಗ, ತೆಪ್ಪೋತ್ಸವದ ದಿನ, ಊರಿಗೆ ಊರೇ ದಡದಲ್ಲಿ ನಿಂತಿದ್ದಾಗ ಕಾಲು ಜಾರಿ ಕೆರೆಗೆ ಬಿದ್ದರಂತೆ. ಯಾರೋ ಎಳೆದು ಹಾಕಿದರು, ತಲೆ ಒರೆಸಿದರು, ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಅಂದಿನಿಂದ ಅವರು 'ಕೆರೆಹುಡುಗ'. ಕೆಲಸಕ್ಕೆ ಸೇರಿದ ಮೇಲೆ 'ಕೆರೆ ಮೇಷ್ಟರು'. ಹಲ್ಲು ಬಿದ್ದ ಮೇಲೆ 'ಕೆರೆ ತಾತ'. ಮೂರು ತಲೆಮಾರಿಗೆ ಮಗ್ಗಿ ಕಲಿಸಿದ ಮನುಷ್ಯ ಊರಿನ ನೆನಪಿನಲ್ಲಿ ಉಳಿದದ್ದು ಆ ಅರ್ಧ ನಿಮಿಷದ ಬಲದಿಂದ.

ಈ ಚಾಳಿ ನಮ್ಮದೊಂದೇ ಎಂದು ನಾನು ತಿಳಿದುಕೊಂಡಿದ್ದೆ. ಹೊಸಬರೇ ತುಂಬಿರುವ ಅಮೆರಿಕದಂಥ ದೇಶದಲ್ಲಿ ಯಾರಿಗೆ ಯಾರ ನೆನಪು, ಯಾರಿಗೆ ಯಾರ ಅಡ್ಡಹೆಸರು? ಅದು ಹಾಗಲ್ಲವೆಂದು ತಿಳಿದದ್ದು 2024ನೆಯ ಇಸವಿಯ ಮೊದಲ ದಿನ. ಕ್ಯಾಲಿಫೋರ್ನಿಯದ ಪಾಸಡೀನ ಎಂಬ ಊರಿನ ಹತ್ತಿರ ನಮ್ಮ ಮಗಳ ಮನೆ. ನಾನೂ ನನ್ನ ಹೆಂಡತಿಯೂ ಆ ಚಳಿಗಾಲದಲ್ಲಿ ಅಲ್ಲಿದ್ದೆವು.

ಮನೆಯಲ್ಲಿ ಆಗ ಮಾತು ಕಡಮೆಯಾಗಿತ್ತು. ನನ್ನ ಮೊಮ್ಮಗ ದೂರದ ಒಂದು ವಿಶ್ವವಿದ್ಯಾನಿಲಯದಲ್ಲಿ ಎರಡನೆಯ ವರ್ಷದ ಓದನ್ನು ನಡುವೆಯೇ ಬಿಟ್ಟು, ಎರಡು ಪೆಟ್ಟಿಗೆ ಹೊತ್ತು, ದೀಪಾವಳಿ ಕಳೆದ ವಾರ ಮನೆಗೆ ಬಂದಿದ್ದ. ಕಾಯಿಲೆಯಲ್ಲ, ಜಗಳವಲ್ಲ. 'ಆಗುತ್ತಿಲ್ಲ' ಎಂದಿಷ್ಟೇ ಹೇಳಿದನಂತೆ. ಅಳಿಯ ಗದರಿಸುವ ಪೈಕಿಯಲ್ಲ. ಆದರೆ ಗದರಿಸದವನ ಮೌನಕ್ಕೆ ತೂಕ ಹೆಚ್ಚು. ಮಗಳು ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಜೋರು ಮಾಡುತ್ತಿದ್ದಳು. ಬೆಂಗಳೂರಿನಿಂದ ನೆಂಟರು ಫೋನು ಮಾಡಿದಾಗಲೆಲ್ಲ ಒಂದು ಪ್ರಶ್ನೆ ಬರುತ್ತಿತ್ತು: "ಕಾಲೇಜು ಬಿಟ್ಟು ಬಂದ ಹುಡುಗ ಹೇಗಿದ್ದಾನೆ?" ಮೊದಲು ಅವರು ಹೆಸರು ಹಿಡಿದು ಕೇಳುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಹೆಸರು ಹೋಗಿ ಇದು ಬಂದಿತ್ತು. ಅಡ್ಡಹೆಸರು ಮೊಳೆಯುವುದನ್ನು ಅಷ್ಟು ಹತ್ತಿರದಿಂದ ನಾನು ಹಿಂದೆಂದೂ ನೋಡಿರಲಿಲ್ಲ.

ಅಷ್ಟರಲ್ಲಿ ಅಳಿಯನ ಕಛೇರಿಯ ಮಿತ್ರರೊಬ್ಬರು ತಮಗೆ ಹೋಗಲಾಗದೆ ಎರಡು ಟಿಕೆಟ್ಟು ಕೊಟ್ಟರು, ರೋಸ್ ಬೌಲ್ ಆಟಕ್ಕೆ. ಅಳಿಯನಿಗೆ ಕೆಲಸವಿತ್ತೋ, ಅಥವಾ ಕೆಲಸವಿದೆ ಎಂದು ಹೇಳಬೇಕೆನ್ನಿಸಿತೋ, "ಮಾವ, ನೀವೂ ಅವನೂ ಹೋಗಿಬನ್ನಿ" ಎಂದ.

ರೋಸ್ ಬೌಲ್ ಎಂದರೆ ಗುಲಾಬಿ ಬೋಗುಣಿ. ಆ ದೇಶದಲ್ಲಿ ವಿಶ್ವವಿದ್ಯಾನಿಲಯಗಳ ಫುಟ್‌ಬಾಲ್ ಋತು ಮುಗಿದ ಮೇಲೆ, ವರ್ಷದ ಕೊನೆಯಲ್ಲೂ ಹೊಸ ವರ್ಷದ ಆರಂಭದಲ್ಲೂ, ಚೆನ್ನಾಗಿ ಆಡಿದ ತಂಡಗಳನ್ನು ಆರಿಸಿ ಜೋಡಿ ಜೋಡಿಯಾಗಿ ಆಡಿಸುತ್ತಾರೆ. ಇವಕ್ಕೆಲ್ಲ ಬೌಲ್ ಆಟಗಳೆಂದೇ ಹೆಸರು. ಕಿತ್ತಳೆ ಬೋಗುಣಿ, ಸಕ್ಕರೆ ಬೋಗುಣಿ, ಹತ್ತಿ ಬೋಗುಣಿ, ಹೀಗೆ ಈಗ ಸುಮಾರು ನಲವತ್ತು ಇವೆ. ಕೇಳಿದರೆ ಪಾತ್ರೆಯಂಗಡಿಯೋ ದಿನಸಿ ಅಂಗಡಿಯೋ ಎನ್ನಿಸಬೇಕು. ಎಲ್ಲಕ್ಕೂ ಹಿರಿಯದು ಪಾಸಡೀನದ್ದು. ಅಲ್ಲಿ 1890ರಿಂದ ಹೊಸ ವರ್ಷದ ದಿನ ಹೂವಿನ ಉತ್ಸವ ನಡೆಯುತ್ತಿದೆ. ಅಮೆರಿಕದ ಪೂರ್ವಭಾಗವೆಲ್ಲ ಹಿಮದಲ್ಲಿ ಹೂತಿರುವಾಗ ನಮ್ಮಲ್ಲಿ ಗುಲಾಬಿ ಅರಳಿದೆ ನೋಡಿ ಎಂದು ಜಂಬ ಕೊಚ್ಚಿಕೊಳ್ಳುವುದು ಅದರ ಮೂಲೋದ್ದೇಶ. ಇಂದಿಗೂ ಮೆರವಣಿಗೆಯ ರಥಗಳ ಮೈಯೆಲ್ಲ ಹೂವು, ಎಲೆ, ಬೀಜ, ತೊಗಟೆಗಳಿಂದಲೇ ಮುಚ್ಚಿರಬೇಕೆಂದು ನಿಯಮ. ನಮ್ಮ ಹೂವಾಡಿಗರು ನೋಡಿದರೆ ತಲೆದೂಗುವಂಥ ಕೆಲಸ.

ಉತ್ಸವಕ್ಕೆ ಕಾಸು ಕೂಡಿಸಲು 1902ರಲ್ಲಿ ಒಂದು ಫುಟ್‌ಬಾಲ್ ಆಟ ಏರ್ಪಡಿಸಿದರು. ಮಿಷಿಗನ್ ವಿಶ್ವವಿದ್ಯಾನಿಲಯದ ಹುಡುಗರು ಸ್ಟ್ಯಾನ್‌ಫರ್ಡಿನವರನ್ನು 49–0 ಲೆಕ್ಕದಲ್ಲಿ ಬಡಿದರು. ಸೋತವರು ಹೊತ್ತು ಮುಗಿಯುವ ಮೊದಲೇ ಸಾಕು ಎಂದು ಕೈಮುಗಿದರು. ಇಂಥ ಏಕಪಕ್ಷದ ಜಗಳವನ್ನು ಯಾರು ನೋಡುತ್ತಾರೆ ಎಂದು ಉತ್ಸವದವರು ಫುಟ್‌ಬಾಲನ್ನೇ ಕೈಬಿಟ್ಟು, ಕೆಲವು ವರ್ಷ ರೋಮನ್ನರಂತೆ ರಥದ ಓಟ ನಡೆಸಿದರು. 1916ರಲ್ಲಿ ಫುಟ್‌ಬಾಲ್ ಮರಳಿ ಬಂತು. 1922ರಲ್ಲಿ ಒಣ ಕಣಿವೆಯೊಂದರಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿದರು. ಮೊದಲು ಕುದುರೆಲಾಳದಂತಿದ್ದದ್ದನ್ನು 1928ರಲ್ಲಿ ಸುತ್ತಲೂ ಮುಚ್ಚಿದಾಗ ಅದು ನಿಜವಾದ ಬೋಗುಣಿಯಾಯಿತು. ಹೊಸ ವರ್ಷ ಭಾನುವಾರ ಬಿದ್ದರೆ ಉತ್ಸವವೂ ಆಟವೂ ಸೋಮವಾರಕ್ಕೆ. ಚರ್ಚುಗಳ ಮುಂದೆ ಕಟ್ಟಿದ ಕುದುರೆಗಳು ಬ್ಯಾಂಡಿನ ಸದ್ದಿಗೆ ಬೆದರಬಾರದೆಂದು 1893ರಲ್ಲಿ ಮಾಡಿದ ಕಟ್ಟಳೆ ಇದು. ಕುದುರೆಗಳು ಹೋಗಿ ನೂರು ವರ್ಷವಾಯಿತು, ಕಟ್ಟಳೆ ಉಳಿದಿದೆ. 2023ರಲ್ಲಿಯೂ ಆಟ ಎರಡನೆಯ ತಾರೀಖಿಗೆ ಹೋಯಿತು. ಸಂಪ್ರದಾಯ ನಮ್ಮ ದೇಶದ ಸೊತ್ತು ಎಂದು ಯಾರಾದರೂ ಹೇಳಿದರೆ ನಾನು ಈ ಕುದುರೆಗಳನ್ನು ತೋರಿಸುತ್ತೇನೆ.

ಆಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಫುಟ್‌ಬಾಲ್ ಎನ್ನುತ್ತಾರೆಂದೇ ಹೊರತು ಇದರಲ್ಲಿ ಕಾಲಿಗೂ ಚೆಂಡಿಗೂ ನಂಟು ಕಡಮೆ. ಚೆಂಡು ದುಂಡಗಿಲ್ಲ, ಎರಡು ಕಡೆಯೂ ಚೂಪು. ಅದನ್ನು ಎದೆಗವಚಿಕೊಂಡು ಓಡಬೇಕು, ಇಲ್ಲವೆ ಮುಂದಿರುವವನಿಗೆ ಎಸೆಯಬೇಕು. ಮೈದಾನ ನೂರು ಗಜ. ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗಳದು. ಎದುರಾಳಿಗಳ ತುದಿಗೆರೆ ದಾಟಿದರೆ ಆರು ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಚೆಂಡು ಹಿಡಿದವನು ತನ್ನದೇ ತುದಿಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಾಳಿಗಳಿಗೆ ಎರಡು ಅಂಕ. ಈ ಎರಡು ಅಂಕವನ್ನು ಓದುಗರು ನೆನಪಿನಲ್ಲಿಡಬೇಕು.

ಇದೆಲ್ಲ ನನಗೆ ಹೇಳಿಕೊಟ್ಟವನು ಮೊಮ್ಮಗ. ಎರಡು ತಿಂಗಳಲ್ಲಿ ಅವನ ಬಾಯಿಂದ ಅಷ್ಟು ಮಾತು ಹೊರಟದ್ದು ಅಂದೇ. ನಲವತ್ತು ವರ್ಷ ಗಣಿತ ಕಲಿಸಿದ ನಾನು ಶಿಷ್ಯನಾಗಿ ಕುಳಿತು, "ಇದೇಕೆ? ಅದೇಕೆ?" ಎಂದು ಕೇಳುತ್ತ ಹೋದೆ. ಕಲಿಸುವವನ ಮುಖ ಬೆಳಗುವುದನ್ನು ನೋಡುವ ಸುಖ ಮೇಷ್ಟರುಗಳಿಗೆ ಸಿಕ್ಕುವುದು ಅಪರೂಪ.

ಆ ದಿನ ಆಡಿದವರು ಮಿಷಿಗನ್ ಮತ್ತು ಅಲಬಾಮ. ತೊಂಬತ್ತು ಸಾವಿರಕ್ಕೂ ಮಿಕ್ಕ ಜನ. ಬೋಗುಣಿಯ ಒಂದು ಮಗ್ಗುಲು ನೀಲಿ-ಹಳದಿ, ಇನ್ನೊಂದು ಮಗ್ಗುಲು ಕಡುಗೆಂಪು. ಕುಂಕುಮ ಅರಿಶಿನ ಒಂದೇ ಬಟ್ಟಲಿಗೆ ಹಾಕಿದಂತೆ. ಮಧ್ಯಾಹ್ನ ಎರಡಕ್ಕೆ ಶುರುವಾದ ಆಟ, ಸಂಜೆಯಾಗುತ್ತ ಬಂದಂತೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಮೇಲೆ ಬೆಳಕು ಗುಲಾಬಿಯಾಗಿ, ಆಮೇಲೆ ನೇರಳೆಯಾಗಿ ಇಳಿಯಿತು. ಆಡುತ್ತಿದ್ದವರೆಲ್ಲ ನನ್ನ ಮೊಮ್ಮಗನ ಓರಗೆಯವರು. ಶಿರಸ್ತ್ರಾಣ ತೆಗೆದು ಬೆಂಚಿನ ಮೇಲೆ ಕುಳಿತಾಗ ಕಾಣುವುದು ಮೀಸೆ ಸರಿಯಾಗಿ ಬಾರದ ಮುಖಗಳು. ಇವರ ಆಟದಿಂದ ಟೆಲಿವಿಷನ್ನಿನವರು, ವಿಶ್ವವಿದ್ಯಾನಿಲಯದವರು, ಕೋಚುಗಳು ಬಹುಕಾಲ ರಾಶಿ ರಾಶಿ ಹಣ ಕಂಡರು. ಆಡುವವರಿಗೆ ವಿದ್ಯಾರ್ಥಿವೇತನದ ಹೊರತು ಕೈಗೆ ಕಾಸಿಲ್ಲದಿತ್ತು. 2021ರಿಂದ ತಮ್ಮ ಹೆಸರು, ಮುಖಗಳಿಂದ ಸಂಪಾದಿಸಲು ಅವರಿಗೆ ಅವಕಾಶವಾಯಿತು. 2025ರ ಒಂದು ನ್ಯಾಯಾಲಯದ ಒಪ್ಪಂದದಿಂದ ವಿಶ್ವವಿದ್ಯಾನಿಲಯಗಳೇ ನೇರವಾಗಿ ಹಣ ಕೊಡಬಹುದಾಯಿತು. ಆದರೆ ಅಷ್ಟು ಜನದ ಎದುರು ಎಡವುವ ಭಯಕ್ಕೆ ಯಾವ ನ್ಯಾಯಾಲಯವೂ ಪರಿಹಾರ ಬರೆದಿಲ್ಲ.

ಅದನ್ನು ನಾನು ಕಣ್ಣಾರೆ ಕಂಡೆ. ಎರಡೂ ಕಡೆ ಇಪ್ಪತ್ತು ಇಪ್ಪತ್ತು ಅಂಕ. ಮುಗಿಯಲು ಒಂದು ನಿಮಿಷವೂ ಉಳಿದಿಲ್ಲ. ಅಲಬಾಮದವರು ಚೆಂಡನ್ನು ಆಕಾಶಕ್ಕೆ ಒದ್ದರು. ಮಿಷಿಗನ್ನಿನ ಹುಡುಗನೊಬ್ಬ ತನ್ನ ತುದಿಗೆರೆಯ ಹತ್ತಿರ ನಿಂತು ಕೈಚಾಚಿದ. ಚೆಂಡು ಕೈಗೆ ತಾಗಿ ಜಾರಿತು. ತೊಂಬತ್ತು ಸಾವಿರ ಜನ ಒಟ್ಟಿಗೆ ಉಸಿರೆಳೆದರೆ ಅದಕ್ಕೊಂದು ಸದ್ದಿದೆ; ಅಂದು ಕೇಳಿದೆ. ಅವನು ಹೇಗೋ ಚೆಂಡನ್ನು ಬಾಚಿಕೊಂಡ. ಎದುರಾಳಿಗಳು ಅವನನ್ನು ಕೆಡವಿದಾಗ ತುದಿಗೆರೆ ಕೈಯಳತೆಯಲ್ಲಿತ್ತು. ಇನ್ನು ತುಸು ಹಿಂದೆ ಸಿಕ್ಕಿದ್ದರೆ ಆ ಎರಡು ಅಂಕ, ಆ ಆಟ, ಬಹುಶಃ ಆ ಹುಡುಗನ ಹೆಸರು, ಮೂರೂ ಹೋಗುತ್ತಿದ್ದವು. ನಮ್ಮ ಮುಂದಿನ ಸಾಲಿನಲ್ಲಿ ನೀಲಿ ಟೋಪಿ ಹಾಕಿದ್ದ ಹಿರಿಯನೊಬ್ಬ ಎದ್ದು ನಿಂತು ಆ ಮಗುವಿಗೆ ಬೈದ ಬೈಗಳನ್ನು ಇಲ್ಲಿ ಬರೆಯಲಾರೆ.

ಹೆಚ್ಚಿನ ಅವಧಿಯಲ್ಲಿ ಮಿಷಿಗನ್ ಗೆರೆ ದಾಟಿತು. ಅಲಬಾಮದವರು ಗೆರೆಗೆ ಮೂರು ಗಜ ದೂರದವರೆಗೆ ಬಂದು ಕೊನೆಯ ಪ್ರಯತ್ನದಲ್ಲಿ ನಿಂತುಹೋದರು. 27–20. ಮುಂದಿನ ಸಾಲಿನ ಹಿರಿಯ ಈಗ ಅಪರಿಚಿತರನ್ನೆಲ್ಲ ತಬ್ಬಿಕೊಳ್ಳುತ್ತಿದ್ದ. ನನ್ನನ್ನೂ ತಬ್ಬಿದ. ತಂಡ ಗೆದ್ದುದರಿಂದ ಆ ಹುಡುಗ ಬದುಕಿಕೊಂಡ. ಒಂದು ವಾರದ ಮೇಲೆ ಅದೇ ತಂಡ ರಾಷ್ಟ್ರದ ಪ್ರಶಸ್ತಿಯನ್ನೂ ಗೆದ್ದಿತು. ಕೈಜಾರಿದ ಚೆಂಡನ್ನು ಇನ್ನು ಯಾರು ಎಣಿಸುತ್ತಾರೆ?

ಆ ಕ್ರೀಡಾಂಗಣಕ್ಕೆ ಬರುವ ಕಾರುಗಳನ್ನು ಪಕ್ಕದ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ನಿಲ್ಲಿಸುತ್ತಾರೆ. ಆಟ ಮುಗಿದ ಮೇಲೆ ಅಷ್ಟೂ ಕಾರು ಒಂದೇ ಸಲ ಹೊರಡಬೇಕಾದ್ದರಿಂದ ಯಾವುದೂ ಹೊರಡುವುದಿಲ್ಲ. ಕತ್ತಲಲ್ಲಿ, ಸಾವಿರಾರು ಕೆಂಪು ದೀಪಗಳ ನಡುವೆ ಕುಳಿತು, ಮಗಳು ಕಟ್ಟಿಕೊಟ್ಟಿದ್ದ ಚಪಾತಿ ತಿನ್ನುತ್ತ ಮೊಮ್ಮಗ ಕೇಳಿದ: "ತಾತ, ಇದೇ ಮೈದಾನದಲ್ಲಿ ಒಬ್ಬ ಎದುರು ದಿಕ್ಕಿಗೆ ಓಡಿದ ಕಥೆ ಗೊತ್ತಾ?"

ಗೊತ್ತಿಲ್ಲವೆಂದೆ. ಅವನು ಹೇಳಿದ.

1929ರ ಜನವರಿ 1. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೂ ಜಾರ್ಜಿಯ ಟೆಕ್‌ಗೂ ಆಟ. ಆಟದ ಎರಡನೆಯ ಪಾದದಲ್ಲಿ, ಇನ್ನೂ ಯಾರೂ ಅಂಕ ಪಡೆಯದಿದ್ದಾಗ, ಜಾರ್ಜಿಯದವನ ಕೈಯಿಂದ ಚೆಂಡು ಜಾರಿ ಬಿತ್ತು. ಕ್ಯಾಲಿಫೋರ್ನಿಯದ ರಾಯ್ ರೀಗಲ್ಸ್ ಅದನ್ನು ಎತ್ತಿಕೊಂಡ. ಎದುರಾಳಿಗಳ ಗೆರೆ ಮೂವತ್ತು ಚಿಲ್ಲರೆ ಗಜ ದೂರ. ನೂಕುನುಗ್ಗಲಿನಲ್ಲಿ ಮೈ ತಿರುಗಿತು. ತಲೆಯೆತ್ತಿ ನೋಡಿದ, ಮುಂದೆ ಯಾರೂ ಇಲ್ಲ, ಮೈದಾನವೆಲ್ಲ ಖಾಲಿ. ಓಡಿದ. ತನ್ನದೇ ಗೆರೆಯ ಕಡೆಗೆ ಓಡಿದ. ಅರವತ್ತು ಸಾವಿರಕ್ಕೂ ಮಿಕ್ಕ ಜನ ಎದ್ದು ಕೂಗಿದರು. ಅವನ ಕಿವಿಗೆ ಅದು ಪ್ರೋತ್ಸಾಹವಾಗಿಯೇ ಕೇಳಿಸಿರಬೇಕು. ಜಾರ್ಜಿಯದ ಕೋಚು ತನ್ನ ಹುಡುಗರಿಗೆ, ಅವನು ಓಡುತ್ತಿರುವುದು ತಪ್ಪು ದಿಕ್ಕಿಗೆ, ಓಡಲಿ ಬಿಡಿ, ನಮಗೇ ಉಪಕಾರ ಎಂದನಂತೆ.

ಅವನ ಬೆನ್ನು ಹತ್ತಿ ಒಬ್ಬನೇ ಒಬ್ಬ ಓಡಿದ. ಅವನದೇ ತಂಡದವನು. ನಿಲ್ಲು, ನಿಲ್ಲು ಎಂದು ಕೂಗುತ್ತ ಮೈದಾನದುದ್ದಕ್ಕೂ ಅಟ್ಟಿಕೊಂಡು ಹೋಗಿ ಗೆರೆಗೆ ಮೂರು ಗಜ ಇರುವಾಗ ಹಿಡಿದ. ತನ್ನ ಕೀರ್ತಿಯಲ್ಲಿ ಪಾಲು ಕೇಳಲು ಬಂದ ಎಂದುಕೊಂಡು ರೀಗಲ್ಸ್ ಅವನನ್ನು ಮೊದಲು ಕೊಡವಿಕೊಂಡ ಎಂದು ಹೇಳುವವರೂ ಇದ್ದಾರೆ. ಆ ವೇಳೆಗೆ ಜಾರ್ಜಿಯದವರು ಬಂದು ಕೆಡವಿದರು. ಮರುಗಳಿಗೆಯಲ್ಲಿ ಕ್ಯಾಲಿಫೋರ್ನಿಯ ಒದ್ದ ಚೆಂಡಿಗೆ ಅವರು ಅಡ್ಡಬಂದರು. ಜಾರ್ಜಿಯಕ್ಕೆ ಎರಡು ಅಂಕ. ಕೊನೆಗೆ ಆಟ ಮುಗಿದದ್ದು 8–7ರಲ್ಲಿ. ಲೆಕ್ಕ ಬಲ್ಲವರು ಲೆಕ್ಕ ಹಾಕಬಹುದು.

ವಿರಾಮದಲ್ಲಿ ರೀಗಲ್ಸ್ ಕೋಣೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕೋಚು ನಿಬ್ಸ್ ಪ್ರೈಸ್ ಮಾತಿನವನಲ್ಲ. ಹೊರಡುವ ಹೊತ್ತಿಗೆ, ಮೊದಲ ಅರ್ಧ ಶುರುಮಾಡಿದವರೇ ಎರಡನೆಯ ಅರ್ಧವನ್ನೂ ಶುರುಮಾಡುತ್ತಾರೆ ಎಂದ. ಎಲ್ಲರೂ ಎದ್ದರು, ರೀಗಲ್ಸ್ ಏಳಲಿಲ್ಲ. ನಿಮ್ಮನ್ನೂ ಹಾಳುಮಾಡಿದೆ, ನಾನೂ ಹಾಳಾದೆ, ಆ ಜನಕ್ಕೆ ಮುಖ ತೋರಿಸಲಾರೆ ಎಂದ. ಆಟ ಅರ್ಧ ಮಾತ್ರ ಮುಗಿದಿದೆ, ಏಳು ಎಂದ ಕೋಚು. ಹುಡುಗ ಎದ್ದ. ಎರಡನೆಯ ಅರ್ಧವನ್ನು ಆಡಿದ; ಎದುರಾಳಿಗಳು ಒದ್ದ ಚೆಂಡೊಂದನ್ನು ತಾನೇ ಅಡ್ಡಬಂದು ತಡೆದ. ಅದೇ ವರ್ಷದ ಮುಂದಿನ ಋತುವಿನಲ್ಲಿ ಅವನೇ ತಂಡದ ನಾಯಕ. ಹೆಸರು ಮಾತ್ರ ಆಗಿಹೋಗಿತ್ತು: 'ರಾಂಗ್ ವೇ' ರೀಗಲ್ಸ್. ನಮ್ಮ ಭಾಷೆಯಲ್ಲಿ ಎಡದಾರಿ ರೀಗಲ್ಸ್ ಎಂದುಕೊಳ್ಳಿ.

ಕಥೆ ಮುಗಿಸಿ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಓಡುವಾಗ ಅವನಿಗೆ ಎಷ್ಟು ಖುಷಿಯಾಗಿತ್ತೋ ಏನೋ, ತಾತ. ಯಾರೂ ಅಡ್ಡ ಇಲ್ಲ ಅಂತ" ಎಂದ.

ಈ ಮಾತಿಗೆ ಏನು ಹೇಳಬೇಕು? ಉಪದೇಶ ನಾಲಗೆಯ ತುದಿಗೆ ಬಂದಿತ್ತು. ಮೇಷ್ಟರ ನಾಲಗೆಗೆ ಅದು ಅಭ್ಯಾಸ. ಆದರೆ ನನ್ನ ತಲೆಯಲ್ಲಿ ಬೇರೊಬ್ಬ ಕುಳಿತಿದ್ದ. "ಬೆನ್ನು ಹತ್ತಿ ಓಡಿದನಲ್ಲ, ಅವನ ಹೆಸರೇನು?" ಎಂದೆ. ಮೊಮ್ಮಗನಿಗೆ ನೆನಪಿರಲಿಲ್ಲ. ಫೋನಿನಲ್ಲಿ ಹುಡುಕಿ, "ಬೆನ್ನಿ ಲಾಮ್" ಎಂದ. ನನಗೆ ನಗು ಬಂತು. ಬೆನ್ನು ಹತ್ತಿದವನು ಬೆನ್ನಿ! ಅವರಪ್ಪ ಅಮ್ಮ ಕನ್ನಡ ಬಲ್ಲವರಾಗಿದ್ದರೂ ಇದಕ್ಕಿಂತ ಒಪ್ಪುವ ಹೆಸರು ಇಡಲಾಗುತ್ತಿರಲಿಲ್ಲ. ವಿವರಿಸಿ ಹೇಳಿದಾಗ ಹುಡುಗನೂ ನಕ್ಕ.

ಈ ಬೆನ್ನಿ ಲಾಮ್‌ನ ವಿಚಾರ ನೀವೇ ಯೋಚಿಸಿ ನೋಡಿ. ಅಷ್ಟು ಜನ ಕೂತಲ್ಲಿಂದಲೇ ಕೂಗಿದರು. ಎದುರಾಳಿಗಳಿಗೆ ಲಾಭವಿತ್ತು. ಜೊತೆಯವರಲ್ಲಿ ಬಹಳ ಮಂದಿ ಬೆಪ್ಪಾಗಿ ನಿಂತಿದ್ದರು. ಇವನೊಬ್ಬ ಓಡಿದ. ತಪ್ಪು ದಿಕ್ಕಿಗೆ ಓಡುವವನನ್ನು ಹಿಡಿಯಬೇಕಾದರೆ ತಾನೂ ಅದೇ ದಿಕ್ಕಿಗೆ, ಅವನಿಗಿಂತ ಜೋರಾಗಿ ಓಡಬೇಕು. ದೂರದಿಂದ ನೋಡುವವರ ಕಣ್ಣಿಗೆ ಇಬ್ಬರೂ ಒಂದೇ ಥರದ ಹುಚ್ಚರು. ಹಿಡಿದರೂ ಪೂರ್ತಿ ಉಪಯೋಗವಾಗಲಿಲ್ಲ. ಮರುಗಳಿಗೆಯಲ್ಲಿ ಚೆಂಡು ಒದೆಯುವ ಕೆಲಸವೂ ಅವನ ಪಾಲಿಗೇ ಬಂತು. ಎದುರಾಳಿಗಳು ತಡೆದದ್ದು ಅವನ ಒದೆತವನ್ನೇ. ಅವನಿಗೆ ಊರು ಯಾವ ಅಡ್ಡಹೆಸರೂ ಇಡಲಿಲ್ಲ. ನೂರು ವರ್ಷವಾಗುತ್ತ ಬಂದಾಗ ಅವನ ನಿಜವಾದ ಹೆಸರನ್ನೂ ಹುಡುಕಿ ತೆಗೆಯಬೇಕಾಗಿದೆ.

ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಕೂಗುವವರು ಬಹಳ ಜನವಿದ್ದರು. ಫೋನಿನಲ್ಲಿ ಕೂಗುವವರು, ಪಾತ್ರೆಯ ಸದ್ದಿನಲ್ಲಿ ಕೂಗುವವರು, ಮೌನದಲ್ಲಿ ಕೂಗುವವರು. ಎದ್ದು ಓಡಿದವಳು ನನ್ನ ಹೆಂಡತಿ. ಅವಳಿಗೆ ರೀಗಲ್ಸನೂ ಗೊತ್ತಿಲ್ಲ, ಲಾಮನೂ ಗೊತ್ತಿಲ್ಲ. ಆ ವಾರದ ಕೊನೆಯಲ್ಲಿ ಅವಳ ತಂಗಿ ಬೆಂಗಳೂರಿನಿಂದ ಫೋನು ಮಾಡಿ ಎಂದಿನಂತೆ, "ಅಕ್ಕಾ, ಕಾಲೇಜು ಬಿಟ್ಟು ಬಂದ ಹುಡುಗ ಹೇಗಿದ್ದಾನೆ?" ಎಂದಳು. ಹುಡುಗ ಅಲ್ಲೇ ಕುಳಿತಿದ್ದ. "ಅವನಿಗೆ ಒಂದು ಹೆಸರಿದೆ ಕಣೆ. ನೀನೇ ನಾಮಕರಣಕ್ಕೆ ಬಂದು ಹೋಳಿಗೆ ಉಂಡುಹೋದವಳು. ಹೆಸರು ಹಿಡಿದು ಕೇಳು, ಹೇಳ್ತೀನಿ" ಎಂದಳು ನಮ್ಮಾಕೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಆ ಹೆಸರು, ಸ್ಪಷ್ಟವಾಗಿ, ಏಳು ಸಮುದ್ರದಾಚೆಯಿಂದ ಕೇಳಿಬಂತು. ಮಗಳು ಅಡುಗೆಮನೆಯಿಂದ ಹೊರಗೆ ಬಂದು ನಿಂತಳು.

ಅದೇ ತಿಂಗಳು ಹುಡುಗ ಹತ್ತಿರದ ಎರಡು ವರ್ಷದ ಕಾಲೇಜೊಂದಕ್ಕೆ ಹೋಗಿ ಎರಡು ತರಗತಿಗಳಿಗೆ ಹೆಸರು ಬರೆಸಿ ಬಂದ. ಅಳಿಯ ಅವನನ್ನು ಮೊದಲ ದಿನ ತಾನೇ ಕಾರಿನಲ್ಲಿ ಬಿಟ್ಟುಬಂದ. ದಾರಿಯಲ್ಲಿ ಏನು ಮಾತಾಡಿದರೋ ಕೇಳಲಿಲ್ಲ. ಅದು ಯಾವ ದಿಕ್ಕಿನ ಓಟವೆಂದು ಇಷ್ಟು ಬೇಗ ಹೇಳಲೂ ಆಗುವುದಿಲ್ಲ.

ರೀಗಲ್ಸ್ ಏನಾದರು ಎಂದು ಓದುಗರು ಕೇಳಬಹುದು. ಚೆನ್ನಾಗಿ ಬಾಳಿದರು. ಎರಡನೆಯ ಮಹಾಯುದ್ಧದಲ್ಲಿ ವಾಯುದಳದಲ್ಲಿದ್ದರು. ಹುಡುಗರಿಗೆ ಆಟ ಕಲಿಸಿದರು. ವ್ಯವಸಾಯಕ್ಕೆ ಬೇಕಾದ ರಾಸಾಯನಿಕಗಳ ವ್ಯಾಪಾರ ನಡೆಸಿದರು. ಅಡ್ಡಹೆಸರು ಅವರನ್ನು ಬಿಡಲಿಲ್ಲ. ಅವರು ಅದರೊಡನೆ ಜಗಳವಾಡುವುದನ್ನು ಬಿಟ್ಟರು. 1971ರಲ್ಲಿ, ಅಂದು ಗೆದ್ದ ಜಾರ್ಜಿಯ ಟೆಕ್‌ನವರೇ ತಮ್ಮ ಹಳೆಯ ಆಟಗಾರರ ಸಂಘಕ್ಕೆ ಅವರನ್ನು ಗೌರವದಿಂದ ಸೇರಿಸಿಕೊಂಡಾಗ, ಇದನ್ನು ನಾನು ಸಂಪಾದಿಸಿದ್ದೇನೆ ಎಂದು ನಗುತ್ತ ಹೇಳಿದರು. 1993ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆಯ ಶೀರ್ಷಿಕೆಯಲ್ಲಿ ಆ ಓಟವೇ ಇತ್ತು.

ಆದರೆ ನನಗೆ ಹಿಡಿಸಿದ್ದು ನಡುವಿನ ಒಂದು ಸಂಗತಿ. 1964ರ ಅಕ್ಟೋಬರಿನಲ್ಲಿ ಮಿನೆಸೋಟದ ವೃತ್ತಿ ತಂಡದ ಜಿಮ್ ಮಾರ್ಷಲ್ ಎಂಬ ಪ್ರಸಿದ್ಧ ಆಟಗಾರ ಇದೇ ರೀತಿ ಚೆಂಡೆತ್ತಿಕೊಂಡು ಅರವತ್ತಾರು ಗಜ ತಪ್ಪು ದಿಕ್ಕಿಗೆ ಓಡಿ, ತನ್ನದೇ ಗೆರೆ ದಾಟಿ, ಸಂತೋಷದಿಂದ ಚೆಂಡನ್ನು ಹೊರಗೆಸೆದ. ದೇಶವೆಲ್ಲ ನಕ್ಕಿತು. ಆಗ ಅವನಿಗೆ ರೀಗಲ್ಸರಿಂದ ಒಂದು ಕಾಗದ ಬಂತು, ನಮ್ಮ ಸಂಘಕ್ಕೆ ಸ್ವಾಗತ ಎಂದು. ಮೂವತ್ತೈದು ವರ್ಷ ಆ ಸಂಘದ ಭಾರವನ್ನೆಲ್ಲ ಒಬ್ಬರೇ ಹೊತ್ತವರು ಅವರು. ಇನ್ನೊಬ್ಬ ಅದೇ ಹಾದಿಯಲ್ಲಿ ಓಡಿದ ಸುದ್ದಿ ಕೇಳಿದೊಡನೆ ಬೆನ್ನು ಹತ್ತಿ ಹೋಗಿ ಹೆಗಲು ಮುಟ್ಟಿದರು. ಈ ಕಾಗದದ ವಿಷಯ ನಾನು ತಿಳಿದದ್ದು ಊರಿಗೆ ಮರಳಿದ ಮೇಲೆ. ಮೊಮ್ಮಗನಿಗೆ ಇನ್ನೂ ಹೇಳಿಲ್ಲ. ಮುಂದಿನ ಸಲ ಅವನು ಫೋನು ಮಾಡಿದಾಗ ಹೇಳಬೇಕು.